ಸರ್ಕಾರದ ಸಂಬಳ, ಊರಿನ ಮಕ್ಕಳ ಸೀಟು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳವು. ಕೇಳಿದ ರೀತಿ ಬೇರೆಯಾದರೂ ಎಲ್ಲರ ಸಂಕಟ ಒಂದೇ: ಸರ್ಕಾರ ದುಡ್ಡು ಕೊಡುವ ಶಾಲೆಯಲ್ಲಿ ನಮ್ಮ ಮಗುವಿಗೆ ಜಾಗ ಇದೆಯೋ ಇಲ್ಲವೋ? ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ ನನಗೆ ಈ ಪ್ರಶ್ನೆ ಹೊಸತಲ್ಲ. ತಿಳಿದಷ್ಟನ್ನು ಬಿಡಿಸಿ ಬರೆದಿದ್ದೇನೆ. ಕೆಲವು ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

ಪ್ರಶ್ನೆ: ತೋಟಕ್ಕೆ ಎಲೆಚುಕ್ಕಿ ಬಂದು ಅಡಿಕೆ ಫಸಲು ಅರ್ಧಕ್ಕೆ ಇಳಿದಿದೆ. ಮಗಳನ್ನು ಒಂದನೇ ತರಗತಿಗೆ ಖಾಸಗಿ ಇಂಗ್ಲಿಷ್ ಶಾಲೆಗೆ ಆರ್‌ಟಿಇಯಲ್ಲಿ ಸೇರಿಸೋಣವೆಂದು ಹೋದರೆ ‘ಸೀಟೇ ಇಲ್ಲ’ ಅಂದರು. ಪೇಟೆಯಲ್ಲಿರುವ ನಮ್ಮಣ್ಣನ ಮಗ 2016ರಲ್ಲಿ ಹಾಗೇ ಸೇರಿದ್ದ. ಆ ಕಾನೂನು ರದ್ದಾಯಿತೇ?
— ಒಬ್ಬ ಬೆಳೆಗಾರ, ಕೊಪ್ಪ

ಉತ್ತರ: ಕಾನೂನು ರದ್ದಾಗಿಲ್ಲ. ಕರ್ನಾಟಕ ತನ್ನ ನಿಯಮವನ್ನು ಬದಲಿಸಿತು, ಅಷ್ಟೆ. ಆ ‘ಅಷ್ಟೆ’ಯಲ್ಲೇ ನಿಮ್ಮ ಮಗಳ ಸೀಟು ಹೋಗಿದೆ.

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ 12ನೇ ಸೆಕ್ಷನ್ ಪ್ರಕಾರ ಅನುದಾನವಿಲ್ಲದ ಖಾಸಗಿ ಶಾಲೆಯೂ ಒಂದನೇ ತರಗತಿಯ ಶೇ 25ರಷ್ಟು ಸೀಟನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು, ಸರ್ಕಾರ ಆ ಶುಲ್ಕವನ್ನು ಶಾಲೆಗೆ ತುಂಬಿಕೊಡಬೇಕು. ನಮ್ಮ ರಾಜ್ಯದಲ್ಲಿ ಹೀಗೆ ತುಂಬಿಕೊಟ್ಟ ಮೊತ್ತ ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿ ಇತ್ತು. 2018-19ರ ಸಾಲಿಗೆ ಸುಮಾರು ಒಂದೂವರೆ ಲಕ್ಷ ಸೀಟುಗಳಿದ್ದವು. ಮರುವರ್ಷ ಹೊಸ ನಿಯಮ ಬಂತು: ಮಗುವಿನ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ. ನೆರೆಹೊರೆ ಅಂದರೆ ಹಳ್ಳಿಯಲ್ಲಿ ಕಂದಾಯ ಗ್ರಾಮ, ಪಟ್ಟಣದಲ್ಲಿ ವಾರ್ಡು. ಸರ್ಕಾರಿ ಶಾಲೆಯೇ ಇಲ್ಲದ ಊರನ್ನು ಎಲ್ಲಿ ಹುಡುಕುತ್ತೀರಿ? ಹಾಗಾಗಿ ಸೀಟುಗಳು ಬಹುಪಾಲು ಮಾಯವಾದವು. ರಾಜ್ಯ ಹೈಕೋರ್ಟ್ 2019ರ ಮೇ 31ರಂದು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಇದೇ ಬಗೆಯ ನಿಯಮವನ್ನು ಮಹಾರಾಷ್ಟ್ರ 2024ರಲ್ಲಿ ತಂದಾಗ ಬಾಂಬೆ ಹೈಕೋರ್ಟ್ ಅದೇ ವರ್ಷದ ಜುಲೈನಲ್ಲಿ ರದ್ದು ಮಾಡಿತು. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ಫಲ. ಸರ್ಕಾರ ತನ್ನ ಶಾಲೆ ಖಾಲಿ ಬಿಟ್ಟು ಖಾಸಗಿಯವರಿಗೆ ಹಣ ಕಟ್ಟುವುದೇಕೆ ಎಂಬ ವಾದದಲ್ಲಿ ತಿರುಳಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಹಾಗೆ ಹೇಳಿದ ಸರ್ಕಾರ ಉಳಿಸಿದ ಹಣದಲ್ಲಿ ನಿಮ್ಮೂರಿನ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು ಕೊಡಬೇಕಿತ್ತು. ಆ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ಈಗ ಮಾಡಬೇಕಾದದ್ದು ಇಷ್ಟು. ನಿಮ್ಮ ಕಂದಾಯ ಗ್ರಾಮದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ನಿಜವಾಗಿ ನಡೆಯುತ್ತಿದೆಯೇ, ದಾಖಲೆಯಲ್ಲಿ ಮಾತ್ರ ಇದೆಯೇ ಎಂಬುದನ್ನು ಬಿಇಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಶಾಲೆ ಮುಚ್ಚಿದ್ದರೆ ನಿಮ್ಮ ಅರ್ಜಿಗೆ ಆಧಾರ ಸಿಗುತ್ತದೆ. ಶಾಲೆ ನಡೆಯುತ್ತಿದ್ದರೆ ಮುಂದಿನ ಪತ್ರ ಓದಿ. ಅನುದಾನಿತ ಶಾಲೆಯ ಬಾಗಿಲು ಎಷ್ಟು ತೆರೆದಿರಬೇಕು ಎಂಬುದು ಅಲ್ಲಿದೆ.

ಪ್ರಶ್ನೆ: ನಮ್ಮಲ್ಲಿ ಒಂದು ಹಳೆಯ ಅನುದಾನಿತ ಶಾಲೆ ಇದೆ. ನಮ್ಮ ಯಜಮಾನರು ಓದಿದ್ದೂ ಅಲ್ಲೇ. ಈ ವರ್ಷ ಮಗನನ್ನು ಆರನೇ ತರಗತಿಗೆ ಸೇರಿಸಲು ಹೋದರೆ ‘ಕಟ್ಟಡ ನಿಧಿ’ ಎಂದು ಹಣ ಕೇಳಿದರು. ರಶೀದಿ ಕೇಳಿದ್ದಕ್ಕೆ ಮುಖ ತಿರುಗಿಸಿದರು. ಶಿಕ್ಷಕರ ಸಂಬಳ ಸರ್ಕಾರವೇ ಕೊಡುವಾಗ ಇದು ಸರಿಯೇ? ದಯವಿಟ್ಟು ಊರಿನ ಹೆಸರು ಹಾಕಬೇಡಿ.
— ಒಬ್ಬ ತಾಯಿ, ಕೊಪ್ಪ ತಾಲ್ಲೂಕು

ಉತ್ತರ: ಸರಿಯಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ, ಅಮ್ಮ. ಉಳಿದರ್ಧವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಿಷಯದಲ್ಲಿ ಪೋಷಕರಿಗೆ ಇರುವ ತಿಳಿವಳಿಕೆ ಬಹಳ ಕಡಿಮೆ.

ಅನುದಾನಿತ ಶಾಲೆ ಅಂದರೆ ಆಡಳಿತ ಮಂಡಳಿಯ ಶಾಲೆ. ಜಾಗ, ಕಟ್ಟಡ ಅವರದು. ಮಂಜೂರಾದ ಹುದ್ದೆಯ ಶಿಕ್ಷಕರ ಸಂಬಳ ಸರ್ಕಾರದ ಖಜಾನೆಯದು. ಪಠ್ಯಪುಸ್ತಕ, ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಕೂಡ ಸರ್ಕಾರದ್ದೇ. ಶಾಲೆ ನಡೆಯುವ ಖರ್ಚಿನಲ್ಲಿ ಸಂಬಳವೇ ದೊಡ್ಡ ಪಾಲು ಎಂಬುದು ಯಾರಿಗೂ ಗೊತ್ತು.

ಈಗ ಕಾಯ್ದೆಯ ಮಾತು. ಅನುದಾನಿತ ಶಾಲೆಗೆ ಶೇ 25ರ ಲೆಕ್ಕ ಕನಿಷ್ಠ ಮಾತ್ರ. ಶಾಲೆಯ ವಾರ್ಷಿಕ ಆವರ್ತಕ ಖರ್ಚಿನಲ್ಲಿ ಸರ್ಕಾರದ ಹಣ ಎಷ್ಟು ಪಾಲೋ, ಅಷ್ಟೇ ಪಾಲು ಮಕ್ಕಳಿಗೆ ಎಂಟನೇ ತರಗತಿಯವರೆಗೆ ಉಚಿತ ಶಿಕ್ಷಣ ಕೊಡಬೇಕು. ಉದಾಹರಣೆಗೆ ಶಾಲೆಯ ಖರ್ಚು 20 ಲಕ್ಷ, ಅದರಲ್ಲಿ ಸರ್ಕಾರದ್ದು 18 ಲಕ್ಷ ಎಂದಿಟ್ಟುಕೊಳ್ಳಿ. ಆಗ ನೂರು ಮಕ್ಕಳಲ್ಲಿ 90 ಮಕ್ಕಳಿಗೆ ಉಚಿತ. ಈ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಿದ ಶಾಲೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ತಪಾಸಣೆಗೆ ಹೋದಾಗ ನಾನೂ ಹಾಜರಿ ಪುಸ್ತಕ ನೋಡಿದೆ, ಅಕ್ಕಿ ಮೂಟೆ ಎಣಿಸಿದೆ, ಇದೊಂದನ್ನು ಕೇಳಲಿಲ್ಲ. ಕೇಳಬೇಕಿತ್ತು.

ಇನ್ನು ‘ಕಟ್ಟಡ ನಿಧಿ’. ಶಾಲೆ ಮೊದಲೇ ಪ್ರಕಟಿಸಿದ ಶುಲ್ಕ ಬಿಟ್ಟು ಪ್ರವೇಶಕ್ಕಾಗಿ ಪಡೆಯುವ ಯಾವುದೇ ವಂತಿಗೆಯೂ, ಅದಕ್ಕೆ ಏನೇ ಹೆಸರಿಡಲಿ, ಕಾಯ್ದೆಯ ಕಣ್ಣಲ್ಲಿ ಡೊನೇಷನ್. 13ನೇ ಸೆಕ್ಷನ್ ಪ್ರಕಾರ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಮಗುವನ್ನೋ ತಂದೆತಾಯಿಯನ್ನೋ ಸಂದರ್ಶನ ಮಾಡಿ ಆರಿಸಿದರೂ ಅಪರಾಧವೇ: ಮೊದಲ ಸಲ 25,000 ರೂಪಾಯಿ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಡೊನೇಷನ್ ವಿರುದ್ಧ 1984ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ ನಮ್ಮದು.

ಏನು ಮಾಡಬೇಕು? ಜಗಳ ಬೇಡ. ಒಂದು ಹಾಳೆಯಲ್ಲಿ ದಿನಾಂಕ, ಕೇಳಿದ ಮೊತ್ತ, ಯಾವ ತರಗತಿ ಎಂದು ಬರೆದು ಬಿಇಒ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 32ನೇ ಸೆಕ್ಷನ್ ಪ್ರಕಾರ ಇಂಥ ದೂರು ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಎರಡೇ ಪ್ರಶ್ನೆ ಕೇಳಿ: ಕಳೆದ ಸಾಲಿನಲ್ಲಿ ಈ ಶಾಲೆಗೆ ಬಂದ ಅನುದಾನ ಎಷ್ಟು? ಉಚಿತ ಸೀಟು ಎಷ್ಟು? ‘ನಮ್ಮದು ಖಾಸಗಿ ಸಂಸ್ಥೆ, ಉತ್ತರಿಸಬೇಕಿಲ್ಲ’ ಎಂದು ಮಂಡಳಿ ಹೇಳಿದರೆ, ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ವಿದ್ಯಾಸಂಸ್ಥೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್ 17ರಂದು ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದ್ದನ್ನು ತೋರಿಸಿ.

ಮಗ ಅಲ್ಲೇ ಓದಬೇಕು, ಮೇಷ್ಟ್ರು ಮನಸ್ಸಿನಲ್ಲಿಟ್ಟುಕೊಂಡಾರು ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸಿತು. ನಾಲ್ಕೈದು ತಾಯಂದಿರು ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ. ಆಗ ಯಾವ ಮಗುವಿನ ಮೇಲೂ ಬೆರಳು ತೋರಿಸಲು ಬರುವುದಿಲ್ಲ.

ಪ್ರಶ್ನೆ: ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್. ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಎಂಟು ವರ್ಷದ ಹುಡುಗಿಯೊಬ್ಬಳಿಗೆ ಟಿಸಿ ಇಲ್ಲ, ಜನನ ಪತ್ರ ಇಲ್ಲ, ಕನ್ನಡ ಬಾರದು. ಶಾಲೆಯಲ್ಲಿ ಕಾಗದಪತ್ರ ತನ್ನಿ ಎಂದು ಎರಡು ಸಲ ವಾಪಸ್ ಕಳಿಸಿದರು.
— ಬಾಳೆಹೊನ್ನೂರು ಸಮೀಪ

ಉತ್ತರ: ನಾಳೆಯೇ ಮತ್ತೆ ಕರೆದುಕೊಂಡು ಹೋಗಿ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಟಿಸಿ ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಕಾಯ್ದೆಯ 14 ಮತ್ತು 5ನೇ ಸೆಕ್ಷನ್ ಇದನ್ನೇ ಹೇಳುತ್ತವೆ. ಎಂಟು ವರ್ಷದವಳನ್ನು ಒಂದನೇ ತರಗತಿಗೆ ತಳ್ಳುವಂತೆಯೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ನಮ್ಮ ಮಕ್ಕಳ ಸಂಖ್ಯೆ ಕುಸಿದಿರುವ ಶಾಲೆಗಳನ್ನು ಎಷ್ಟೋ ಕಡೆ ಈಗ ಲೈನ್ ಮನೆಯ ಮಕ್ಕಳೇ ಉಳಿಸುತ್ತಿದ್ದಾರೆ. ವಾಪಸ್ ಕಳಿಸಿದ ಶಿಕ್ಷಕರಿಗೆ ಇದನ್ನು ಸಮಾಧಾನವಾಗಿ ನೆನಪಿಸಿ. ನೀವು ಆ ಹುಡುಗಿಯ ಪರವಾಗಿ ಪತ್ರ ಬರೆದದ್ದು ನನಗೆ ತುಂಬ ಸಂತೋಷ ತಂದಿತು.

ಪ್ರಶ್ನೆ: ಮಗಳು ಅಳಿಯ ಅಮೆರಿಕದಲ್ಲಿದ್ದಾರೆ. ಮೊಮ್ಮಗನಿಗೆ ‘ಚಾರ್ಟರ್ ಶಾಲೆ’ಯಲ್ಲಿ ಲಾಟರಿ ಎತ್ತಿ ಸೀಟು ಸಿಕ್ಕಿತಂತೆ, ಫೀಸೇ ಇಲ್ಲವಂತೆ. ವಿದ್ಯೆಗೂ ಲಾಟರಿಯೇ? ನಮ್ಮಲ್ಲಿ ಅಂಥ ಶಾಲೆ ಇದೆಯೇ?
— ಒಬ್ಬ ಅಜ್ಜಿ, ಶೃಂಗೇರಿ

ಉತ್ತರ: ಚಾರ್ಟರ್ ಶಾಲೆ ಅಂದರೆ ಸರ್ಕಾರದ ಹಣದಲ್ಲಿ ನಡೆಯುವ, ಆದರೆ ಒಪ್ಪಂದದ ಮೇಲೆ ಸ್ವತಂತ್ರ ಮಂಡಳಿಯೊಂದು ನಡೆಸುವ ಶಾಲೆ. ಮಿನ್ನೆಸೋಟ ರಾಜ್ಯ 1991ರಲ್ಲಿ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಬೋಧನಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಇರುವ ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಚೀಟಿ ಎತ್ತುತ್ತಾರೆ. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ ನೆಂಟ ಅನುದಾನಿತ ಶಾಲೆಯೇ, ಅದೂ ಅವರಿಗಿಂತ ಬಹಳ ಮೊದಲಿನಿಂದ ಇದೆ. ಗಡಿಯಾಚೆಯ ಕಾಸರಗೋಡಿಗೆ ಹೋದರೆ ಕನ್ನಡ ಮಕ್ಕಳು ಓದುವ ಎಷ್ಟೋ ಶಾಲೆಗಳು ಇಂಥವೇ. ನೀರ್ಚಾಲಿನ ಮಹಾಜನ ಶಾಲೆಯ ಹೆಸರು ನೀವು ಕೇಳಿರಬಹುದು.

ಲಾಟರಿ ಎಂದರೆ ನಮ್ಮ ಕಿವಿಗೆ ಕೆಟ್ಟದಾಗಿ ಕೇಳಿಸುತ್ತದೆ ನಿಜ. ಆದರೆ ಯೋಚಿಸಿ. ಆರು ವರ್ಷದ ಮಗುವಿಗೆ ಪರೀಕ್ಷೆ ಇಟ್ಟರೆ ಗೆಲ್ಲುವುದು ಮನೆಯಲ್ಲಿ ಹೇಳಿಕೊಡುವವರಿರುವ ಮಗು. ಮಂಡಳಿಯ ಮರ್ಜಿಗೆ ಬಿಟ್ಟರೆ ಗೆಲ್ಲುವುದು ಪರಿಚಯ. ಚೀಟಿಗೆ ಪರಿಚಯವಿಲ್ಲ. ನಮ್ಮ ಆರ್‌ಟಿಇ ಸೀಟುಗಳನ್ನೂ ಕಂಪ್ಯೂಟರ್ ಲಾಟರಿಯಲ್ಲೇ ಹಂಚುತ್ತಿದ್ದರು. ಅನುದಾನಿತ ಶಾಲೆಯಲ್ಲಿ ಅರ್ಜಿ ಹೆಚ್ಚಾದಾಗಲೂ ಊರವರ ಎದುರು ಚೀಟಿ ಎತ್ತಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕೊರತೆ ಮಾತ್ರ ಅಲ್ಲೂ ಇದೆ, ಇಲ್ಲೂ ಇದೆ: ಅರ್ಜಿ ಹಾಕಬೇಕೆಂದು ತಿಳಿಯದ ಮನೆಯ ಮಗುವಿನ ಹೆಸರು ಡಬ್ಬಿಯೊಳಗೆ ಬೀಳುವುದೇ ಇಲ್ಲ.

ಪ್ರಶ್ನೆ: ನಾವು ಕ್ರೈಸ್ತರು. ಹತ್ತಿರದಲ್ಲಿರುವುದು ಬೇರೆ ಧರ್ಮದ ಸಂಸ್ಥೆಯೊಂದರ ಅನುದಾನಿತ ಶಾಲೆ. ಸೇರಿಸಬಹುದೇ? ಅಲ್ಲಿನ ಧಾರ್ಮಿಕ ಪಾಠಕ್ಕೆ ಮಗ ಕೂರಲೇಬೇಕೇ?
— ನರಸಿಂಹರಾಜಪುರ

ಉತ್ತರ: ಧಾರಾಳವಾಗಿ ಸೇರಿಸಿ. ಸರ್ಕಾರದ ನೆರವು ಪಡೆಯುವ ಯಾವ ಶಾಲೆಯೂ ಕೇವಲ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಅದು ಸಂವಿಧಾನದ 29(2)ನೇ ವಿಧಿ. ಧಾರ್ಮಿಕ ಬೋಧನೆಗೆ ಮಗನನ್ನು ಕೂರಿಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುವುದು 28(3). ಅದೇ ರೀತಿ ನಿಮ್ಮ ಸಮುದಾಯದ ಅನುದಾನಿತ ಶಾಲೆ ಇದ್ದರೆ ಅದೂ ಬೇರೆಯವರಿಗೆ ಒಂದಷ್ಟು ಸೀಟು ಬಿಡಲೇಬೇಕು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿದ್ದು ನಿಜ. ಆದರೆ ಅನುದಾನದ ಜೊತೆ ಬರುವ ಈ ಹೊಣೆ ಅದರಿಂದ ತಪ್ಪುವುದಿಲ್ಲ.

ಪ್ರಶ್ನೆ: ಎಲ್ಲರೂ ಅನುದಾನಿತ ಶಾಲೆಯವರನ್ನು ಬೈಯುತ್ತೀರಿ. ನಮ್ಮ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು ನಿವೃತ್ತರಾಗಿ ವರ್ಷಗಳಾದವು. ಹುದ್ದೆ ತುಂಬಲು ಅನುಮತಿ ಇಲ್ಲ. ಮಂಡಳಿ ಕೈಯಿಂದ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡಿದೆ. ಪೋಷಕರ ಹತ್ತಿರ ಕೇಳದೆ ಆ ಹಣ ಎಲ್ಲಿಂದ ತರಲಿ?
— ಒಬ್ಬ ಮುಖ್ಯ ಶಿಕ್ಷಕರು

ಉತ್ತರ: ನಿಮ್ಮ ನೋವು ನ್ಯಾಯವಾದದ್ದು, ಮೇಷ್ಟ್ರೇ. ಅನುದಾನ ಕಾಗದದಲ್ಲಿ ಇದ್ದು ಹುದ್ದೆ ಖಾಲಿ ಇದ್ದರೆ ಆ ಶಾಲೆ ಹೆಸರಿಗೆ ಮಾತ್ರ ಅನುದಾನಿತ. ಶಿಕ್ಷಕರಿಲ್ಲವೆಂದು ಮಕ್ಕಳು ಬಿಡುತ್ತಾರೆ, ಮಕ್ಕಳಿಲ್ಲವೆಂದು ಅನುದಾನ ಪ್ರಶ್ನೆಗೆ ಬರುತ್ತದೆ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಂತೂ ಅನುದಾನ ಕೊಡಿ ಎಂದು ಸರ್ಕಾರದಿಂದ ಸರ್ಕಾರಕ್ಕೆ ಮನವಿ ಹೊತ್ತು ತಿರುಗಿವೆ.

ಆದರೂ ಪ್ರವೇಶದ ದಿನ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಹಣ ಕೇಳುವುದಕ್ಕೆ ಇದು ಸಮರ್ಥನೆಯಾಗದು. ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ರಶೀದಿ ಕೊಡಿ, ವರ್ಷದ ಕೊನೆಗೆ ಲೆಕ್ಕವನ್ನು ಗೋಡೆಗೆ ಅಂಟಿಸಿ. ಕೊಡಲಾಗದವರ ಮಗು ಬೇರೆ ಮಕ್ಕಳ ಪಕ್ಕದಲ್ಲೇ ಕೂರಲಿ.

ಇನ್ನೊಂದು ಮಾತು. ಅನುದಾನಿತ ಶಾಲೆಯ ಹುದ್ದೆಗೆ ಆಯ್ಕೆ ಮಾಡುವುದು ಮಂಡಳಿ, ಸಂಬಳ ಕೊಡುವುದು ಸರ್ಕಾರ. ಆ ಆಯ್ಕೆ ಹೇಗೆ ನಡೆಯುತ್ತದೆ ಎಂಬ ಅನುಮಾನ ಜನರಲ್ಲಿ ಇರುವತನಕ ಹುದ್ದೆ ತುಂಬಿಸಿ ಎಂಬ ಕೂಗಿಗೆ ಬಲ ಬರುವುದಿಲ್ಲ. ನಿಮ್ಮ ಮೂರೂ ತಾಲ್ಲೂಕು ಸೇರಿದ ಶೃಂಗೇರಿ ಕ್ಷೇತ್ರದಿಂದಲೇ ಗೆದ್ದು ಹೋದ ಕೊಪ್ಪದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಸಚಿವರಾಗಿದ್ದಾಗ ಸಾವಿರಾರು ಸರ್ಕಾರಿ ಶಿಕ್ಷಕರನ್ನು ಅಂಕದ ಆಧಾರದ ಮೇಲೆ, ಯಾರ ಕೈಗೂ ಕಾಸು ಹೋಗದಂತೆ ನೇಮಿಸಿದರು. ಬಡವರ ಮನೆಯ ಮಕ್ಕಳು ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಕಂಡು ಮೇಷ್ಟ್ರಾದರು. ಗೌಡರು 2016ರ ಜನವರಿಯಲ್ಲಿ ತೀರಿಕೊಂಡರು. ಆದರೆ ಅವರ ಕಾಲದಲ್ಲಿ ನೇಮಕವಾದವರು ಇಂದಿಗೂ ಅವರನ್ನು ನೆನೆಯುತ್ತಾರೆ. ಅನುದಾನಿತ ಹುದ್ದೆಯನ್ನೂ ಹಾಗೆಯೇ ಅಂಕಪಟ್ಟಿ ಪ್ರಕಟಿಸಿ ತುಂಬುತ್ತೇವೆ ಎಂದು ಮಂಡಳಿಗಳು ತಾವಾಗಿ ಮುಂದೆ ಬಂದರೆ ಅನುಮತಿ ತಡೆಹಿಡಿಯಲು ಸರ್ಕಾರಕ್ಕೆ ನೆಪ ಉಳಿಯದು.

ಪ್ರಶ್ನೆ: ಬಾಳೆಹೊನ್ನೂರಿನ ಸೀಗೋಡಿನಲ್ಲಿರುವ ನವೋದಯ ಶಾಲೆ ನಮ್ಮ ತಾಲ್ಲೂಕಿನಲ್ಲೇ ಇದೆ. ಸ್ಥಳೀಯರಿಗೆ ಮೀಸಲು ಇಲ್ಲವೇ?
— ನರಸಿಂಹರಾಜಪುರ ತಾಲ್ಲೂಕು

ಉತ್ತರ: ತಾಲ್ಲೂಕಿಗೆಂದು ಮೀಸಲು ಇಲ್ಲ. ಅದು ಇಡೀ ಚಿಕ್ಕಮಗಳೂರು ಜಿಲ್ಲೆಯ ಶಾಲೆ. ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರುವ ಮಗು ಆರನೇ ತರಗತಿಗೆ ಪರೀಕ್ಷೆ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳದು. ಆದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಎಷ್ಟೋ ಪೋಷಕರು ನಾಲ್ಕನೇ ತರಗತಿಗೆ ಮಗುವನ್ನು ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗೆ ಬದಲಿಸಿ, ಗೊತ್ತಿಲ್ಲದೆ ಈ ಮೀಸಲು ಕಳೆದುಕೊಳ್ಳುತ್ತಾರೆ. ಪರೀಕ್ಷೆಗೆ ಒಂದೇ ಅವಕಾಶ, ನೆನಪಿರಲಿ.

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಏಳು ಮಕ್ಕಳು, ಒಬ್ಬರೇ ಶಿಕ್ಷಕಿ. ದೊಡ್ಡ ಶಾಲೆಗೆ ಸೇರಿಸಿ, ಅಲ್ಲಿ ಎಲ್ಲ ಸೌಲಭ್ಯ ಇದೆ ಎನ್ನುತ್ತಿದ್ದಾರೆ. ಆ ಶಾಲೆ ಆರು ಕಿಲೋಮೀಟರ್ ದೂರ. ನಡುವೆ ಹಳ್ಳ, ಅಡಿಕೆ ಮರ ಹಾಕಿದ ಸಂಕ. ಆರಿದ್ರಾ ಮಳೆ ಹಿಡಿದರೆ ದೊಡ್ಡವರೇ ದಾಟುವುದಿಲ್ಲ. ಎಸ್‌ಡಿಎಂಸಿಯಲ್ಲಿ ನಾವೇನು ಠರಾವು ಮಾಡಬೇಕು?
— ಎಸ್‌ಡಿಎಂಸಿ ಸದಸ್ಯರು, ಕಿಗ್ಗ ಕಡೆಯಿಂದ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗರದಲ್ಲಿ ನ್ಯಾಯವಾದ ಪ್ರವೇಶ ಅಂದರೆ ಸೀಟು ಸಿಗುವುದು. ಮಲೆನಾಡಿನಲ್ಲಿ ಸೀಟು ಸಿಕ್ಕಿದ ಮೇಲೆ ಅದರ ಹತ್ತಿರ ಮಗು ತಲುಪುವುದು.

ಏಳು ಮಕ್ಕಳಿಗೆ ಒಂದು ಶಾಲೆ ಭಾರ, ಒಳ್ಳೆಯ ದೊಡ್ಡ ಶಾಲೆ ಲೇಸು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2018ರಿಂದ ಬಂದಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. ಮಕ್ಕಳಿಗೆ ಜೊತೆಗಾರರು ಸಿಗುತ್ತಾರೆ, ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ. ಆದರೆ ವಿಲೀನದ ಆದೇಶ ಮೊದಲು ಬಂದು ಬಸ್ಸು ಆಮೇಲೆ ಬರುತ್ತದೆ ಎಂದರೆ ಒಪ್ಪಬೇಡಿ. ಬಸ್ಸು ಮೊದಲು.

ಠರಾವಿನಲ್ಲಿ ಈ ಅಂಶಗಳನ್ನು ಸೇರಿಸಿ. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ನಡಿಗೆಯ ದೂರದಲ್ಲಿ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಕಾಯ್ದೆಯಡಿಯ ಅಳತೆ. ಭೂಕುಸಿತ, ನೆರೆ, ರಸ್ತೆಯಿಲ್ಲದ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ ಅಪಾಯ ತಪ್ಪಿಸಬೇಕೆಂದು ಕೇಂದ್ರದ ಮಾದರಿ ನಿಯಮಗಳೇ ಹೇಳುತ್ತವೆ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಅನುಸೂಚಿಯಲ್ಲಿದೆ. ಮಕ್ಕಳು ಏಳೇ ಇದ್ದರೂ ಎರಡನೆಯ ಶಿಕ್ಷಕರು ನಿಮಗೆ ಸಲ್ಲಬೇಕಾದವರು. ದೂರದ ಶಾಲೆಗೆ ಹೋಗಲೇಬೇಕಾದ ಮಗುವಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಆ ಹಣದಲ್ಲಿ ಕಾಡುದಾರಿಗೆ ಜೀಪು ಗೊತ್ತುಮಾಡಲು ಆಗುತ್ತದೆಯೇ ಎಂಬ ಲೆಕ್ಕವನ್ನೂ ಠರಾವಿಗೆ ಲಗತ್ತಿಸಿ. ಸಂಕಕ್ಕಾಗಿ ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಯೋಜನೆಯ ಹೆಸರು ಹೇಳಿ ಪ್ರತ್ಯೇಕ ಅರ್ಜಿ ಕೊಡಿ.

ಬಸ್ಸಿನ ವಿಷಯ ಬಂದಾಗ ನಿಮ್ಮ ಭಾಗದವರಿಗೆ ನೆನಪಾಗುವುದು ಕೊಪ್ಪದ ಸಹಕಾರ ಸಾರಿಗೆ. ತಾವು ದುಡಿಯುತ್ತಿದ್ದ ಬಸ್ ಕಂಪನಿ ಮುಚ್ಚಿದಾಗ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ. ಒಳಗಿನ ಹಳ್ಳಿಗಳಿಗೆ ಹೋಗುತ್ತಿದ್ದ, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದ ಆ ಬಸ್ಸುಗಳು 2020ರಲ್ಲಿ ನಿಂತವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೆ ಸರ್ಕಾರಿ ಬಸ್ಸಿನಲ್ಲಿ. ಸರ್ಕಾರಿ ಬಸ್ಸು ಕಾಣದ ಊರಿನ ಹುಡುಗಿ ಖಾಸಗಿ ಬಸ್ಸಿಗೆ ಪೂರ್ತಿ ಟಿಕೆಟ್ ಕೊಟ್ಟು ಶಾಲೆಗೆ ಹೋಗುತ್ತಿದ್ದಾಳೆ. ಶಾಲೆಗೆ ಕೊಡುವ ಹಣದಷ್ಟೇ ಈ ಬಸ್ಸಿನ ಹಣವೂ ಶಿಕ್ಷಣದ ಹಣವೇ ಎಂದು ನಾನು ನಂಬಿದ್ದೇನೆ. ನಿಮ್ಮ ಶಾಸಕರಿಗೂ ಜಿಲ್ಲಾ ಪಂಚಾಯಿತಿಗೂ ಕೊಡುವ ಮನವಿಯಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಕೊನೆಯದಾಗಿ, ದೂರವನ್ನು ಕಚೇರಿಯ ನಕ್ಷೆಯಿಂದ ತೆಗೆದುಕೊಳ್ಳಬೇಡಿ. ಏಳೂ ಮಕ್ಕಳ ಮನೆ ಬಾಗಿಲಿನಿಂದ ಆ ದೊಡ್ಡ ಶಾಲೆಯವರೆಗೆ ನೀವೇ ನಡೆದು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಹಳ್ಳ ದಾಟಿದಿರಿ ಎಂದು ಮಗುವಿನ ಹೆಸರಿನ ಎದುರು ಬರೆದು ಎಲ್ಲ ಸದಸ್ಯರೂ ಸಹಿ ಹಾಕಿ. ಮಳೆಗಾಲದಲ್ಲೇ ನಡೆಯಿರಿ. ಒಂದು ಪ್ರತಿಯನ್ನು ಶೃಂಗೇರಿಯ ಬಿಇಒ ಕಚೇರಿಗೆ ಕೊಡಿ, ಇನ್ನೊಂದನ್ನು ನನಗೆ ಕಳಿಸಿ.